ಬೋಲ್ಟಿನೊಳಗಿನ ಹೊಗೆ

ಈ ಅಂಕಣ ಓದುವವರಿಂದ ಒಂದು ಪ್ರಶ್ನೆ ಮಾತ್ರ ಬಿಡದೆ ಬರುತ್ತಿದೆ. ಬಳ್ಳಾರಿಯ ಎಂಜಿನಿಯರ್ ಒಬ್ಬರು ಸಿಟ್ಟಿನಿಂದ ಕೇಳುತ್ತಾರೆ, ಹುಬ್ಬಳ್ಳಿಯ ವಿದ್ಯಾರ್ಥಿನಿ ಕುತೂಹಲದಿಂದ ಕೇಳುತ್ತಾಳೆ, ತಿರುಳು ಒಂದೇ. ಕಾರ್ಖಾನೆಗಳು ಇಂಗಾಲ ಉಗುಳುವುದನ್ನು ತಗ್ಗಿಸಬೇಕು ಅನ್ನುತ್ತೀರಿ. ತಗ್ಗಿಸಿದರೆ ಖರ್ಚು ಏರುತ್ತದೆ. ಖರ್ಚು ಏರಿದರೆ ಅಗ್ಗದ ಚೀನಾ ಮಾಲು ಬಂದು ನಮ್ಮವರನ್ನು ಮುಳುಗಿಸುತ್ತದೆ. ಹೊಟ್ಟೆಪಾಡು ನೋಡಬೇಕೋ, ಹವಾಮಾನ ನೋಡಬೇಕೋ?

ಸಂಬಳದ ದಿನ ಹತ್ತಿರ ಬಂದಾಗ ನಿದ್ದೆಗೆಡುವವರು ಈ ಪ್ರಶ್ನೆ ಕೇಳಿದರೆ ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಕಾರ್ಖಾನೆಯಿಂದ ಹೊರಬೀಳುವ ಇಂಗಾಲವೆಲ್ಲ ಒಂದೇ ಜಾತಿಯದಲ್ಲ. ಒಂದಷ್ಟು ಶುದ್ಧ ಪೋಲು: ದುಡ್ಡು ಕೊಟ್ಟು ತಂದ ಇಂಧನದ ಶಾಖ ಚಿಮಣಿಯಲ್ಲಿ ಹೋಗುತ್ತಿರುತ್ತದೆ. ಅದನ್ನು ತಡೆದರೆ ಖರ್ಚೂ ಇಳಿಯುತ್ತದೆ. ಇನ್ನೊಂದಷ್ಟು ಆ ವಸ್ತುವನ್ನು ತಯಾರಿಸುವ ರಸಾಯನಶಾಸ್ತ್ರದಲ್ಲೇ ಇದೆ. ಅದನ್ನು ಯಾವ ಕಾರ್ಖಾನೆಯೂ ಒಬ್ಬಂಟಿಯಾಗಿ ತಡೆಯಲಾರದು. ತಡೆಯಲು ಹೋದರೆ ದಿವಾಳಿಯೇ. ಈ ಎರಡನ್ನೂ ಒಂದೇ ಗಂಟು ಕಟ್ಟಿ ವಾದ ಮಾಡುವುದರಿಂದ ಮೊದಲನೆಯದನ್ನೂ ಮಾಡದೆ ಕೂತಿದ್ದೇವೆ ಎಂಬುದು ನನ್ನ ಅನಿಸಿಕೆ.

ಪೀಣ್ಯದಲ್ಲಿ ಪರಿಚಿತರೊಬ್ಬರ ಬೋಲ್ಟ್ ತಯಾರಿಕೆ ಘಟಕವಿದೆ. ವೈರ್ ರಾಡಿನ ಸುರುಳಿಗಳು ಒಂದು ಕಡೆಯಿಂದ ಒಳಗೆ ಹೋಗುತ್ತವೆ. ಹೆಡಿಂಗ್ ಮಷೀನು ಕಟಕಟ ಸದ್ದು ಮಾಡುತ್ತ ರಾಡನ್ನು ತುಂಡರಿಸಿ ತಲೆ ಮೂಡಿಸುತ್ತದೆ, ಇನ್ನೊಂದು ಮಷೀನು ಥ್ರೆಡ್ ಹಾಕುತ್ತದೆ. ಅವರ ಮಾಲಿನ ಒಂದು ಪಾಲು ಜರ್ಮನಿಗೆ ಹೋಗುತ್ತದೆ. ಅಲ್ಲಿನ ಗಿರಾಕಿಯಿಂದ ಬಂದ ಒಂದು ದೊಡ್ಡ ಎಕ್ಸೆಲ್ ಹಾಳೆಯನ್ನು ಅವರು ನನ್ನ ಮುಂದೆ ತೆರೆದಿಟ್ಟರು. ಟನ್ನು ಬೋಲ್ಟಿಗೆ ಎಷ್ಟು ಇಂಗಾಲದ ಡೈಆಕ್ಸೈಡ್ ಹೊರಬಿದ್ದಿದೆ, ರಾಡನ್ನು ಯಾವ ಉಕ್ಕಿನ ಕಾರ್ಖಾನೆಯಿಂದ ತಂದಿರಿ, ಅಲ್ಲಿ ಯಾವ ವಿಧಾನದಲ್ಲಿ ಉಕ್ಕು ಕರಗಿಸುತ್ತಾರೆ, ಹೀಗೆ ಪ್ರಶ್ನೆಗಳ ಸಾಲು. ‘ನಮ್ಮ ಶೆಡ್ಡಲ್ಲಿ ಚಿಮಣಿಯೇ ಇಲ್ವಲ್ಲ ಸರ್, ಹೊಗೆ ಎಲ್ಲಿಂದ ತಂದು ತೋರಿಸ್ಲಿ?’ ಎಂದರು.

ಆ ಹಾಳೆಯ ಹಿಂದಿರುವುದು ಐರೋಪ್ಯ ಒಕ್ಕೂಟದ ಗಡಿ ಇಂಗಾಲ ವ್ಯವಸ್ಥೆ. ಉದ್ಯಮಿಗಳು ಸಿಬ್ಯಾಮ್ ಅನ್ನುತ್ತಾರೆ. ಯುರೋಪಿನ ಕಾರ್ಖಾನೆಗಳು 2005ರಿಂದಲೂ ತಾವು ಹೊರಬಿಡುವ ಇಂಗಾಲಕ್ಕೆ ಪರವಾನಗಿ ಹೊಂದಿರಬೇಕು. ಆ ಪರವಾನಗಿಗಳಿಗೆ ಮಾರುಕಟ್ಟೆಯಿದೆ, ದರವಿದೆ. ಆದರೆ ಉಕ್ಕು, ಸಿಮೆಂಟಿನಂಥ ಉದ್ದಿಮೆಗಳಿಗೆ ಬಹುಪಾಲು ಪರವಾನಗಿಗಳನ್ನು ಪುಕ್ಕಟೆಯಾಗಿ ಕೊಡುತ್ತ ಬಂದಿದ್ದರು. ಇಲ್ಲದಿದ್ದರೆ ಅವು ಗಂಟುಮೂಟೆ ಕಟ್ಟಿ ಇಂಗಾಲಕ್ಕೆ ದರವಿಲ್ಲದ ದೇಶಗಳಿಗೆ ಹೋಗಿಬಿಡುತ್ತವೆ ಎಂಬ ಭಯ. ಈಗ ಆ ಪುಕ್ಕಟೆ ಪಾಲನ್ನು 2026ರಿಂದ 2034ರವರೆಗೆ ಹಂತಹಂತವಾಗಿ ತೆಗೆಯುತ್ತಿದ್ದಾರೆ. ಅದೇ ವೇಗದಲ್ಲಿ ಹೊರಗಿನಿಂದ ಬರುವ ಮಾಲಿನ ಇಂಗಾಲಕ್ಕೂ ಅದೇ ದರ ಕಟ್ಟಿಸುತ್ತಾರೆ. 2023ರ ಅಕ್ಟೋಬರಿನಿಂದ ಲೆಕ್ಕ ಮಾತ್ರ ಕೇಳುತ್ತಿದ್ದರು, 2026ರ ಜನವರಿಯಿಂದ ದುಡ್ಡಿನ ಮಾತು ಶುರುವಾಗಿದೆ. ಕಬ್ಬಿಣ ಮತ್ತು ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್, ರಸಗೊಬ್ಬರ, ಹೈಡ್ರೋಜನ್, ವಿದ್ಯುತ್ ಇದರ ವ್ಯಾಪ್ತಿಯಲ್ಲಿವೆ. ಬೋಲ್ಟು, ನಟ್ಟು, ಸ್ಕ್ರೂಗಳೂ ಉಕ್ಕಿನ ಪಟ್ಟಿಯಲ್ಲೇ ಬರುತ್ತವೆ.

ದುಡ್ಡು ಕಟ್ಟುವವನು ಅಲ್ಲಿನ ಆಮದುದಾರ. ಆದರೆ ಅವನು ಕಟ್ಟಿದ್ದನ್ನು ಇಲ್ಲಿನವರ ದರದಲ್ಲಿ ಮುರಿದುಕೊಳ್ಳುತ್ತಾನೆ ಎಂಬುದನ್ನು ವ್ಯಾಪಾರ ಬಲ್ಲವರಿಗೆ ಹೇಳಿಕೊಡಬೇಕಿಲ್ಲ. ಭಾರತದಲ್ಲಿ ಒಂದು ಟನ್ ಉಕ್ಕು ತಯಾರಾಗುವಾಗ ಸರಾಸರಿ 2.5 ಟನ್ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಜಗತ್ತಿನ ಸರಾಸರಿ 1.9 ಟನ್ನಿನ ಆಸುಪಾಸು. ಯುರೋಪಿನಲ್ಲಿ ಟನ್ ಇಂಗಾಲದ ದರ 70-80 ಯೂರೋ ಎಂದಿಟ್ಟುಕೊಂಡರೂ, ಪುಕ್ಕಟೆ ಪಾಲು ಪೂರ್ತಿ ಹೋದ ಮೇಲೆ ಟನ್ ಉಕ್ಕಿನ ಮೇಲೆ ಬೀಳುವ ಹೊರೆ 175ರಿಂದ 200 ಯೂರೋ ಆಗುತ್ತದೆ. ಉಕ್ಕಿನ ಬೆಲೆಯೇ ಟನ್ನಿಗೆ 600 ಯೂರೋ ಅಕ್ಕಪಕ್ಕ ಓಡಾಡುವ ಮಾರುಕಟ್ಟೆಯಲ್ಲಿ ಇದು ಅಲ್ಲಾಡಿಸಿಬಿಡುವ ಮೊತ್ತ. ನಿಜವಾದ ಅಂಕಿ ಕೊಡಲಾಗದಿದ್ದರೆ ಒಕ್ಕೂಟದವರೇ ಒಂದು ಅಂಕಿಯನ್ನು ಗೊತ್ತುಮಾಡಿ, ಅದರ ಮೇಲೆ ಮತ್ತಷ್ಟು ಸೇರಿಸಿ ವಸೂಲಿ ಮಾಡುತ್ತಾರೆ. ಅಂದರೆ ಅಚ್ಚುಕಟ್ಟಾಗಿ ಕೆಲಸ ಮಾಡಿಯೂ ಲೆಕ್ಕ ಇಡದವನು ಹೆಚ್ಚು ತೆರಬೇಕು.

ಪೀಣ್ಯದ ಗೆಳೆಯರು ಶೆಡ್ಡಿನ ಚಾವಣಿ ತುಂಬ ಸೌರಫಲಕ ಹಾಕಿಸಿದ್ದಾರೆ. ಹಾಳೆಯಲ್ಲಿ ಅದನ್ನೇ ಮೊದಲು ತುಂಬಿದ್ದರು. ಅದರಿಂದ ಕರೆಂಟು ಬಿಲ್ಲು ಇಳಿದಿದೆ, ಒಳ್ಳೆಯದೇ. ಆದರೆ ಸಿಬ್ಯಾಮ್ ಸದ್ಯಕ್ಕೆ ಉಕ್ಕಿನ ವಿಷಯದಲ್ಲಿ ಬಳಸಿದ ವಿದ್ಯುತ್ತಿನ ಇಂಗಾಲವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನೇರವಾಗಿ ಹೊರಬಿದ್ದದ್ದು ಮಾತ್ರ ಲೆಕ್ಕ. ಹಾಗೆ ನೋಡಿದರೆ ಬೋಲ್ಟಿನ ಇಂಗಾಲದ ಬಹುಪಾಲು ಅವರ ಶೆಡ್ಡಿಗೆ ಬರುವ ಮೊದಲೇ ರಾಡಿನೊಳಗೆ ಕೂತಾಗಿದೆ. ಗುಜರಿ ಕಬ್ಬಿಣವನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿ ಮಾಡಿದ ರಾಡಾದರೆ ಅಂಕಿ ತೀರಾ ಕಡಿಮೆ. ಅದೇ ವಿದ್ಯುತ್ ಕುಲುಮೆಗೆ ಕಲ್ಲಿದ್ದಲಿನಿಂದ ತಯಾರಿಸಿದ ಸ್ಪಾಂಜ್ ಐರನ್ ಸುರಿದಿದ್ದರೆ ಅಂಕಿ ಮೇಲೆ ಜಿಗಿಯುತ್ತದೆ. ಬಳ್ಳಾರಿ, ಕೊಪ್ಪಳದ ಕಡೆ ಅಂಥ ಸ್ಪಾಂಜ್ ಐರನ್ ಘಟಕಗಳು ಬೇಕಾದಷ್ಟಿವೆ. ಎರಡೂ ರಾಡು ನೋಡಲು ಒಂದೇ, ಬಲದಲ್ಲೂ ಒಂದೇ. ಡೀಲರ್ ಹತ್ತಿರ ಕೇಳಿದರೆ ಗ್ರೇಡು ಹೇಳುತ್ತಾನೆ, ದರ ಹೇಳುತ್ತಾನೆ. ಯಾವ ಕುಲುಮೆಗೆ ಏನು ಸುರಿದಿದ್ದರು ಎಂಬುದು ಅವನಿಗೂ ಗೊತ್ತಿರುವುದಿಲ್ಲ.

ಉಕ್ಕಿಗೆ ಇಷ್ಟು ಇಂಗಾಲ ಯಾಕೆ ಬೇಕು? ಅದಿರಿನಲ್ಲಿ ಕಬ್ಬಿಣ ಆಮ್ಲಜನಕದ ಜೊತೆ ಗಟ್ಟಿಯಾಗಿ ಬೆಸೆದುಕೊಂಡಿರುತ್ತದೆ. ಅದನ್ನು ಬಿಡಿಸಲು ಆಮ್ಲಜನಕವನ್ನು ಕಬ್ಬಿಣಕ್ಕಿಂತ ಬಲವಾಗಿ ಸೆಳೆದುಕೊಳ್ಳುವ ಇನ್ನೊಂದು ವಸ್ತು ಬೇಕು. ಊದುಕುಲುಮೆಯಲ್ಲಿ ಆ ಕೆಲಸ ಮಾಡುವುದು ಕಲ್ಲಿದ್ದಲಿನಿಂದ ತಯಾರಿಸಿದ ಕೋಕ್. ಅದು ಶಾಖ ಕೊಡುವುದರ ಜೊತೆಗೆ ಅದಿರಿನ ಆಮ್ಲಜನಕವನ್ನು ಕಿತ್ತುಕೊಂಡು ಇಂಗಾಲದ ಡೈಆಕ್ಸೈಡ್ ಆಗಿ ಹೊರಹೋಗುತ್ತದೆ. ಆದ್ದರಿಂದಲೇ ಊದುಕುಲುಮೆಯ ಇಂಗಾಲವನ್ನು ಬರೀ ಇಂಧನ ಬದಲಿಸಿ ತೊಲಗಿಸಲಾಗದು.

ಆದರೆ ಅದರ ಸುತ್ತ ಪೋಲಾಗುವುದನ್ನು ಹಿಡಿಯಬಹುದು. ಕೋಕ್ ಒಲೆಯಿಂದ ಸುಮಾರು ಸಾವಿರ ಡಿಗ್ರಿ ಬಿಸಿಯಲ್ಲಿ ಹೊರಬರುವ ಕೆಂಡದಂಥ ಕೋಕಿನ ಮೇಲೆ ಹಳೆಯ ಪದ್ಧತಿಯಲ್ಲಿ ನೀರು ಸುರಿದು ಆರಿಸುತ್ತಾರೆ. ಬಿಳಿ ಹಬೆಯ ದೊಡ್ಡ ಮೋಡವೊಂದು ಆಕಾಶಕ್ಕೆ ಏಳುತ್ತದೆ. ಆ ಹಬೆಯಲ್ಲಿ ಹೋಗುವುದು ದುಡ್ಡು ಕೊಟ್ಟು ತರಿಸಿದ ಕಲ್ಲಿದ್ದಲಿನ ಶಾಖ, ಅದರಲ್ಲೂ ಕೋಕಿಗೆ ಬೇಕಾದ ಕಲ್ಲಿದ್ದಲಿನ ಬಹುಪಾಲು ನಮಗೆ ಬರುವುದು ವಿದೇಶದಿಂದ. ನೀರಿನ ಬದಲು ನೈಟ್ರೋಜನ್ ಹಾಯಿಸಿ ಕೋಕನ್ನು ತಣಿಸಿದರೆ ಆ ಶಾಖದಿಂದ ಹಬೆ ಮಾಡಿ ವಿದ್ಯುತ್ ತೆಗೆಯಬಹುದು. ಊದುಕುಲುಮೆಯ ನೆತ್ತಿಯಿಂದ ಒತ್ತಡದಲ್ಲಿ ಬರುವ ಅನಿಲದಿಂದ ಟರ್ಬೈನು ತಿರುಗಿಸಬಹುದು. ದೊಡ್ಡ ಕಾರ್ಖಾನೆಗಳು ಇವನ್ನೆಲ್ಲ ಅಳವಡಿಸಿಕೊಂಡಿರುವುದು ಪುಣ್ಯಕ್ಕಾಗಿ ಅಲ್ಲ, ಹಾಕಿದ ಬಂಡವಾಳ ವಾಪಸು ಬರುತ್ತದೆ ಎಂದು. ಇಂಥ ಕಡೆ ಪೈಪೋಟಿಗೂ ಪರಿಸರಕ್ಕೂ ಜಗಳವೇ ಇಲ್ಲ.

ಜಗಳ ಶುರುವಾಗುವುದು ಕೋಕನ್ನೇ ಬಿಡುವ ಮಾತು ಬಂದಾಗ. ಕೋಕ್ ಮಾಡುವ ಕೆಲಸವನ್ನು ಹೈಡ್ರೋಜನ್ ಕೂಡ ಮಾಡಬಲ್ಲದು, ಆಗ ಹೊರಬರುವುದು ನೀರಾವಿ ಮಾತ್ರ. ಸ್ವೀಡನ್ನಿನ ಲುಲಿಯೊದಲ್ಲಿ ಹೈಬ್ರಿಟ್ ಯೋಜನೆಯವರು ಇದನ್ನು ಮಾಡಿ ತೋರಿಸಿದ್ದಾರೆ. 2021ರಲ್ಲೇ ಅಂಥ ಉಕ್ಕನ್ನು ವೋಲ್ವೊಗೆ ಕೊಟ್ಟಿದ್ದಾರೆ. ನಮ್ಮ ತೋರಣಗಲ್ಲಿನಲ್ಲೂ ಜೆಎಸ್‌ಡಬ್ಲ್ಯು ಸಮೂಹ ವರ್ಷಕ್ಕೆ 3,800 ಟನ್ ಹಸಿರು ಹೈಡ್ರೋಜನ್ ತಯಾರಿಸುವ ಘಟಕ ಕಟ್ಟಿದೆ. ಹೆಮ್ಮೆಪಡಬೇಕಾದ ಹೆಜ್ಜೆ. ಅದರ ಅಳತೆಯನ್ನೂ ನೋಡೋಣ. ಒಂದು ಟನ್ ಕಬ್ಬಿಣಕ್ಕೆ ಸುಮಾರು 55 ಕಿಲೋ ಹೈಡ್ರೋಜನ್ ಬೇಕು. ಆ ಲೆಕ್ಕದಲ್ಲಿ 3,800 ಟನ್ನಿನಿಂದ ತಯಾರಾಗಬಹುದಾದದ್ದು 70 ಸಾವಿರ ಟನ್ನಿಗೂ ಕಡಿಮೆ ಕಬ್ಬಿಣ. ತೋರಣಗಲ್ಲಿನ ಕಾರ್ಖಾನೆಯ ಸಾಮರ್ಥ್ಯ ವರ್ಷಕ್ಕೆ ಒಂದೂವರೆ ಕೋಟಿ ಟನ್ನಿಗೂ ಮಿಗಿಲು. ಅಂದರೆ ಅರ್ಧ ಪರ್ಸೆಂಟೂ ಆಗಲಿಲ್ಲ. ಇನ್ನು ಖರ್ಚು: ಒಂದು ಕಿಲೋ ಹೈಡ್ರೋಜನ್ ತೆಗೆಯಲು 50 ಯೂನಿಟ್‌ಗೂ ಹೆಚ್ಚು ವಿದ್ಯುತ್ ಬೇಕು. ಯೂನಿಟ್ಟಿಗೆ 5 ರೂಪಾಯಿ ಹಿಡಿದರೆ ಟನ್ ಕಬ್ಬಿಣಕ್ಕೆ ವಿದ್ಯುತ್ತಿಗೇ ಸುಮಾರು 14 ಸಾವಿರ ರೂಪಾಯಿ. ಕಲ್ಲಿದ್ದಲಿನ ಖರ್ಚು ಉಳಿಯುತ್ತದೆ ನಿಜ, ಆದರೆ ಎಲೆಕ್ಟ್ರೋಲೈಸರು, ಶೇಖರಣೆ, ಹೊಸ ಕುಲುಮೆ ಇವಕ್ಕೆಲ್ಲ ಹಾಕುವ ಬಂಡವಾಳದ ಬಡ್ಡಿ ಬೇರೆ. ಸೂರ್ಯ ಮುಳುಗಿದ ಮೇಲೂ ಅಗ್ಗದ ವಿದ್ಯುತ್ ಸಿಗುವ ತನಕ ಈ ಲೆಕ್ಕ ಕೂಡಿಬರುವುದಿಲ್ಲ.

ಯುರೋಪಿನಲ್ಲೂ ಕೂಡಿಬಂದಿಲ್ಲ. 2025ರ ಜೂನಿನಲ್ಲಿ ಆರ್ಸೆಲರ್ ಮಿತ್ತಲ್ ಜರ್ಮನಿಯ ಎರಡು ಕಾರ್ಖಾನೆಗಳನ್ನು ಹೈಡ್ರೋಜನ್ ಕಡೆಗೆ ತಿರುಗಿಸುವ ಯೋಜನೆ ಕೈಬಿಟ್ಟಿತು, ಸರ್ಕಾರ 130 ಕೋಟಿ ಯೂರೋ ಕೊಡಲು ಸಿದ್ಧವಿದ್ದರೂ. ಬ್ರಿಟನ್ನಿನ ಪೋರ್ಟ್ ಟಾಲ್ಬಟ್‌ನಲ್ಲಿ ಟಾಟಾ ಸ್ಟೀಲ್ ಬೇರೆ ದಾರಿ ಹಿಡಿಯಿತು. 2024ರ ಸೆಪ್ಟೆಂಬರ್ 30ರಂದು ಅಲ್ಲಿನ ಕೊನೆಯ ಊದುಕುಲುಮೆ ಆರಿತು. ಅದರ ಜಾಗದಲ್ಲಿ ಗುಜರಿ ಕರಗಿಸುವ ವಿದ್ಯುತ್ ಕುಲುಮೆ ಬರಲಿದೆ. ಯೋಜನೆಯ ಖರ್ಚು 125 ಕೋಟಿ ಪೌಂಡ್, ಅದರಲ್ಲಿ 50 ಕೋಟಿ ಅಲ್ಲಿನ ಸರ್ಕಾರದ್ದು. ಇಂಗಾಲ ಇಳಿಯುತ್ತದೆ, ಉದ್ಯಮವೂ ಉಳಿಯುತ್ತದೆ. ಆದರೆ ಸಾವಿರಾರು ಜನರ ಕೆಲಸ ಹೋಯಿತು. ಹಳೆಯ ಕುಲುಮೆ ಆರುವುದಕ್ಕೂ ಹೊಸದು ಹೊತ್ತಿಕೊಳ್ಳುವುದಕ್ಕೂ ನಡುವೆ ವರ್ಷಗಳ ಖಾಲಿ ಬಿಡಲಾಯಿತು ಎಂಬುದೇ ನನಗೆ ಅದರಲ್ಲಿ ಕಾಣುವ ದೊಡ್ಡ ಕೊರತೆ. ತೋರಣಗಲ್ಲಿನಂಥ ಊರಿನಲ್ಲಿ ಹಾಗಾದರೆ ಬಸ್‌ಸ್ಟ್ಯಾಂಡಿನ ಹೋಟೆಲಿನವರೆಗೆ ಎಲ್ಲರ ಬದುಕೂ ಬೀದಿಗೆ ಬೀಳುತ್ತದೆ.

ಕಲ್ಲಿದ್ದಲಿಲ್ಲದೆ ಕಬ್ಬಿಣ ತೆಗೆಯುವುದು ಕನ್ನಡ ನಾಡಿಗೆ ಹೊಸದೇನೂ ಅಲ್ಲ. 1923ರಲ್ಲಿ ಉತ್ಪಾದನೆ ಶುರುಮಾಡಿದ ಭದ್ರಾವತಿಯ ಕಾರ್ಖಾನೆಯಲ್ಲಿ ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಕಟ್ಟಿಗೆಯ ಇದ್ದಿಲಿನಲ್ಲಿ ಕರಗಿಸುತ್ತಿದ್ದರು. ಹತ್ತಿರದಲ್ಲೆಲ್ಲೂ ಕಲ್ಲಿದ್ದಲು ಇರಲಿಲ್ಲ, ಅದಕ್ಕೆ. ಮುಂದೆ ಜೋಗದ ವಿದ್ಯುತ್ ಬಂದ ಮೇಲೆ ವಿದ್ಯುತ್ತಿನಿಂದ ನಡೆಯುವ ಕುಲುಮೆಗಳೂ ಬಂದವು. ಇವತ್ತಿನ ಭಾಷೆಯಲ್ಲಿ ಅದನ್ನು ಹಸಿರು ಉಕ್ಕಿನ ಪೂರ್ವಜ ಅನ್ನಬಹುದಿತ್ತು, ಕಾಡು ಸವೆಯದೇ ಇದ್ದಿದ್ದರೆ. ಇದ್ದಿಲಿಗಾಗಿ ಬಿದ್ದ ಮರಗಳ ಬೆಲೆ ಯಾರ ಲೆಕ್ಕಪುಸ್ತಕಕ್ಕೂ ಏರಲಿಲ್ಲ. ಕಾರ್ಖಾನೆಯಾದರೂ ದೊಡ್ಡ ಪ್ರಮಾಣದಲ್ಲಿ ಕೋಕಿನಿಂದ ಉಕ್ಕು ಮಾಡುವವರ ದರಕ್ಕೆ ಸರಿಗಟ್ಟಲಾಗದೆ ಸೊರಗಿತು. 2023ರಲ್ಲಿ ಮುಚ್ಚುವ ತೀರ್ಮಾನವೇ ಹೊರಬಿದ್ದು ಕಾರ್ಮಿಕರು ಬೀದಿಗಿಳಿದದ್ದು ನೆನಪಿರಬೇಕು.

ಸಿಮೆಂಟಿನ ಕಥೆ ಇದಕ್ಕಿಂತ ಸಮಾಧಾನ ಕೊಡುವಂಥದ್ದು. ವಾಡಿ, ಸೇಡಂ, ಮಳಖೇಡದ ಕಡೆ ಹೋದವರು ಸುಣ್ಣಕಲ್ಲಿನ ಗಣಿಗಳನ್ನೂ ಎತ್ತರದ ಗೋಪುರಗಳನ್ನೂ ನೋಡಿರುತ್ತೀರಿ. ಸುಣ್ಣಕಲ್ಲನ್ನು ಜೇಡಿಯ ಜೊತೆ ಅರೆದು ಸುಮಾರು 1,450 ಡಿಗ್ರಿಯಲ್ಲಿ ಸುಟ್ಟರೆ ಕ್ಲಿಂಕರ್ ಎಂಬ ಬೂದುಬಣ್ಣದ ಉಂಡೆಗಳಾಗುತ್ತವೆ. ಅದನ್ನು ಪುಡಿಮಾಡಿದ್ದೇ ಸಿಮೆಂಟು. 100 ಕಿಲೋ ಶುದ್ಧ ಸುಣ್ಣಕಲ್ಲು ಕಾದರೆ ಉಳಿಯುವುದು 56 ಕಿಲೋ ಸುಣ್ಣ, ಮಿಕ್ಕ 44 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ. ಒಲೆಗೆ ಬಿಸಿಲಿನ ಶಾಖವನ್ನೇ ಕೊಟ್ಟರೂ ಕಲ್ಲಿನೊಳಗಿನ ಈ ಇಂಗಾಲ ಹೊರಬಂದೇ ಬರುತ್ತದೆ. ಹಾಗಾಗಿ ಇರುವ ದಾರಿ ಕ್ಲಿಂಕರ್ ಕಡಿಮೆ ಬಳಸುವುದು. ರಾಯಚೂರಿನಂಥ ಉಷ್ಣ ವಿದ್ಯುತ್ ಕೇಂದ್ರಗಳ ಹಾರುಬೂದಿಯನ್ನು ಶೇ 35ರವರೆಗೆ ಬೆರೆಸಬಹುದು. ಊದುಕುಲುಮೆಯ ಗಸಿ, ಅಂದರೆ ಸ್ಲ್ಯಾಗ್, ಇನ್ನೂ ಹೆಚ್ಚು ಬೆರೆಸಬಹುದು. ಭಾರತದಲ್ಲಿ ಮಾರಾಟವಾಗುವ ಸಿಮೆಂಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಈಗ ಇಂಥ ಮಿಶ್ರ ಸಿಮೆಂಟೇ. ಇದರಿಂದಾಗಿ ಟನ್ ಸಿಮೆಂಟಿಗೆ ಇಂಗಾಲ ಕಡಿಮೆ ಇರುವ ದೇಶಗಳ ಸಾಲಿನಲ್ಲಿ ನಾವು ಮುಂದಿದ್ದೇವೆ. ಹವಾಮಾನದ ಮೇಲಿನ ಪ್ರೀತಿಯಿಂದ ಆದದ್ದಲ್ಲ ಇದು. ಕ್ಲಿಂಕರ್ ದುಬಾರಿ, ಬೂದಿ ಅಗ್ಗ. ಜೊತೆಗೆ 1999ರಲ್ಲಿ ಕೇಂದ್ರದ ಪರಿಸರ ಸಚಿವಾಲಯ ಹಾರುಬೂದಿ ಬಳಕೆಗೆ ನಿಯಮ ತಂದು ವಿದ್ಯುತ್ ಕೇಂದ್ರಗಳಿಗೆ ಚುರುಕು ಮುಟ್ಟಿಸಿತು. ದರ ಮತ್ತು ನಿಯಮ ಒಂದೇ ದಿಕ್ಕಿಗೆ ಎಳೆದಾಗ ಉದ್ದಿಮೆ ಎಷ್ಟು ಸಲೀಸಾಗಿ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಆದರೂ ಮನೆ ಕಟ್ಟುವಾಗ ಮೇಸ್ತ್ರಿ ಬಂದು ‘ಸ್ಲ್ಯಾಬಿಗೆ 53 ಗ್ರೇಡೇ ತರ್ಸಿ ಸಾರ್, ಬೂದಿ ಸಿಮೆಂಟು ಬೇಡ’ ಅನ್ನುವುದು ಇವತ್ತಿಗೂ ನಡೆಯುತ್ತದೆ. ಮಿಶ್ರ ಸಿಮೆಂಟು ಬಲಗೊಳ್ಳಲು ಸ್ವಲ್ಪ ಹೆಚ್ಚು ದಿನ ಬೇಕು. ಸೆಂಟ್ರಿಂಗ್ ಬೇಗ ಬಿಚ್ಚಬೇಕೆನ್ನುವ ಆತುರ ಅವರದು. ಏಳು ದಿನಕ್ಕೇ ನಿಲ್ಲಿಸುವ ಬದಲು ಕನಿಷ್ಠ ಹತ್ತು ದಿನ ನೀರುಣಿಸಿದರೆ ಅದೂ ಗಟ್ಟಿಯಾಗಿ ನಿಲ್ಲುತ್ತದೆ. ಸುಣ್ಣಕಲ್ಲು ಮತ್ತು ಸುಟ್ಟ ಜೇಡಿ ಬೆರೆಸಿ ಕ್ಲಿಂಕರನ್ನು ಅರ್ಧಕ್ಕೆ ಇಳಿಸುವ ಹೊಸ ಸಿಮೆಂಟಿಗೂ 2023ರಲ್ಲಿ ಐಎಸ್ 18189 ಎಂಬ ಮಾನಕ ಬಂದಿದೆ. ಕಲ್ಲಿದ್ದಲು ಕಡಿಮೆಯಾದಂತೆ ಬೂದಿಯೂ ಕಡಿಮೆಯಾಗುವುದರಿಂದ ಮುಂದೆ ಅದು ಬೇಕಾಗುತ್ತದೆ. ಲೋಕೋಪಯೋಗಿ ಇಲಾಖೆ ತನ್ನ ಟೆಂಡರುಗಳಲ್ಲಿ ಅದಕ್ಕೆ ಜಾಗ ಕೊಟ್ಟರೆ ಮೇಸ್ತ್ರಿಗಳ ಕೈಗೂ ಅದು ಪಳಗುತ್ತದೆ.

ಹೈಡ್ರೋಜನ್ ಉಕ್ಕಿನಂಥ ದುಬಾರಿ ಬದಲಾವಣೆಗೆ ಮಾತ್ರ ಎಲ್ಲರಿಗೂ ಅನ್ವಯಿಸುವ ದರ ಬೇಕು. ಒಬ್ಬ ಬಂಡವಾಳ ಹಾಕಿ ಇನ್ನೊಬ್ಬ ಹಾಕದಿದ್ದರೆ ಹಾಕಿದವನು ಮುಳುಗುತ್ತಾನೆ. ಭಾರತ 2022ರಲ್ಲಿ ಇಂಧನ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿ ತಂದು, 2023ರಲ್ಲಿ ಇಂಗಾಲ ಕ್ರೆಡಿಟ್ ವ್ಯಾಪಾರದ ಯೋಜನೆ ಪ್ರಕಟಿಸಿದೆ. 2025ರ ಅಕ್ಟೋಬರಿನಲ್ಲಿ ಸಿಮೆಂಟ್, ಅಲ್ಯೂಮಿನಿಯಂ, ಕಾಗದ ಮತ್ತು ಕ್ಲೋರ್ ಆಲ್ಕಲಿ ಉದ್ದಿಮೆಗಳ 282 ಘಟಕಗಳಿಗೆ ಗುರಿ ಗೊತ್ತುಮಾಡಲಾಗಿದೆ. ಟನ್ ಉತ್ಪನ್ನಕ್ಕೆ ಇಷ್ಟೇ ಇಂಗಾಲ ಎಂಬ ಗುರಿ. ಅದಕ್ಕಿಂತ ಕಡಿಮೆ ಮಾಡಿದವರು ಕ್ರೆಡಿಟ್ ಮಾರಬಹುದು, ಮೀರಿದವರು ಕೊಳ್ಳಬೇಕು. ಇಲ್ಲೇ ಕಟ್ಟಿದ ಇಂಗಾಲದ ದರವನ್ನು ಯುರೋಪಿನ ಲೆಕ್ಕದಲ್ಲಿ ಕಳೆಯಲು ಅವರ ಕಾನೂನು ಅವಕಾಶ ಕೊಡುತ್ತದೆ. ಬ್ರಸೆಲ್ಸಿಗೆ ಹೋಗುವ ದುಡ್ಡು ಇಲ್ಲೇ ಉಳಿದು ನಮ್ಮ ಕಾರ್ಖಾನೆಗಳ ಸುಧಾರಣೆಗೆ ಸಿಗುವುದು ನನಗಂತೂ ಮೇಲು. ಆದರೆ ಗುರಿ ಸಡಿಲವಾದರೆ ಏನಾಗುತ್ತದೆ ಎಂಬುದನ್ನು ನಾವಾಗಲೇ ನೋಡಿದ್ದೇವೆ. 2012ರಲ್ಲಿ ಶುರುವಾದ ಇಂಧನ ಉಳಿತಾಯದ ಪ್ಯಾಟ್ ಯೋಜನೆಯಲ್ಲಿ ಸುಲಭದ ಗುರಿಗಳಿಂದಾಗಿ ಮಾರುವವರೇ ಹೆಚ್ಚಾಗಿ ಪ್ರಮಾಣಪತ್ರಗಳ ಬೆಲೆ ಕುಸಿದಿತ್ತು.

ಇನ್ನೂರು ವರ್ಷ ಕಲ್ಲಿದ್ದಲು ಸುಟ್ಟು ಶ್ರೀಮಂತವಾದ ಯುರೋಪು ಈಗ ನಮಗೆ ಸುಂಕ ಹಾಕುವುದು ಯಾವ ನ್ಯಾಯ ಎಂದು ಕೇಳುವವರಿದ್ದಾರೆ. ನ್ಯಾಯವಲ್ಲ, ಒಪ್ಪುತ್ತೇನೆ. ತಲಾ ಉಕ್ಕಿನ ಬಳಕೆಯಲ್ಲಿ ನಾವು ಜಗತ್ತಿನ ಸರಾಸರಿಯ ಅರ್ಧದಷ್ಟೂ ಇಲ್ಲ. ದೆಹಲಿಯವರು ಮಾತುಕತೆಯ ಮೇಜಿನಲ್ಲಿ ಆ ವಾದವನ್ನು ಗಟ್ಟಿಯಾಗಿ ಮಂಡಿಸಲಿ. ಆದರೆ ಬ್ರಿಟನ್ 2027ರಿಂದ ಇಂಥದೇ ವ್ಯವಸ್ಥೆ ತರುತ್ತಿದೆ. ಚೀನಾ 2025ರಲ್ಲಿ ತನ್ನ ಇಂಗಾಲ ಮಾರುಕಟ್ಟೆಗೆ ಉಕ್ಕು, ಸಿಮೆಂಟ್, ಅಲ್ಯೂಮಿನಿಯಮ್ಮುಗಳನ್ನು ಸೇರಿಸಿಕೊಂಡಿದೆ. ನಾವು ಯಾರಿಗೆ ಹೆದರಿ ಸುಮ್ಮನಿರಬೇಕು ಅನ್ನುತ್ತಿದ್ದೇವೋ ಅವರೇ ಲೆಕ್ಕ ಇಡಲು ಶುರುಮಾಡಿದ್ದಾರೆ.

ದೊಡ್ಡವರ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ. ಅವರಲ್ಲಿ ಇದಕ್ಕೆಂದೇ ವಿಭಾಗಗಳಿವೆ, ಸಲಹೆಗಾರರಿದ್ದಾರೆ. ಪೀಣ್ಯದ ಶೆಡ್ಡಿನಲ್ಲಿ ಮಾಲೀಕರೇ ಅಕೌಂಟೆಂಟು, ಅವರೇ ಎಕ್ಸ್‌ಪೋರ್ಟ್ ಮ್ಯಾನೇಜರು. ಅವರಿಗೆ ಬೇಕಾದದ್ದು ದೊಡ್ಡ ತಂತ್ರಜ್ಞಾನವಲ್ಲ, ರಾಡಿನ ಬಗ್ಗೆ ಒಂದು ಅಂಕಿ. ಪ್ರತಿ ಸುರುಳಿಯ ಜೊತೆ ಮಿಲ್ ಟೆಸ್ಟ್ ಸರ್ಟಿಫಿಕೇಟ್ ಎಂಬ ಹಾಳೆ ಬರುತ್ತದೆ. ಅದರಲ್ಲಿ ಹೀಟ್ ನಂಬರು, ಉಕ್ಕಿನಲ್ಲಿರುವ ಕಾರ್ಬನ್, ಮ್ಯಾಂಗನೀಸ್, ರಂಜಕ, ಗಂಧಕದ ಪ್ರಮಾಣ ಎಲ್ಲ ಅಚ್ಚಾಗಿರುತ್ತದೆ. ಆ ಉಕ್ಕು ತಯಾರಾಗುವಾಗ ಹೊರಬಿದ್ದ ಇಂಗಾಲದ ಡೈಆಕ್ಸೈಡ್ ಎಷ್ಟು ಎಂಬ ಒಂದು ಸಾಲು ಮಾತ್ರ ಇರುವುದಿಲ್ಲ. 2024ರ ಡಿಸೆಂಬರಿನಲ್ಲಿ ಕೇಂದ್ರ ಉಕ್ಕು ಸಚಿವಾಲಯ ಹಸಿರು ಉಕ್ಕಿನ ವರ್ಗೀಕರಣ ಹೊರಡಿಸಿದೆ. ಟನ್ನಿಗೆ 2.2 ಟನ್ನಿಗಿಂತ ಕಡಿಮೆ ಇಂಗಾಲವಿದ್ದರೆ ಮೂರು ನಕ್ಷತ್ರ, 1.6ಕ್ಕಿಂತ ಕಡಿಮೆಯಿದ್ದರೆ ಐದು. ಅಳೆದು ಪ್ರಮಾಣಪತ್ರ ಕೊಡುವ ಹೊಣೆಯನ್ನು ನಿಸ್ಟ್ ಎಂಬ ಸಂಸ್ಥೆಗೆ ವಹಿಸಲಾಗಿದೆ. ಈ ಪ್ರಮಾಣಪತ್ರವನ್ನು ಸದ್ಯ ಬೇಕಾದವರು ಪಡೆಯಬಹುದು. ಅದನ್ನು ಕಡ್ಡಾಯ ಮಾಡಿ, ಆ ಅಂಕಿಯನ್ನು ಮಿಲ್ ಟೆಸ್ಟ್ ಸರ್ಟಿಫಿಕೇಟಿನಲ್ಲೇ ಅಚ್ಚು ಹಾಕಿಸಿದರೆ ಪೀಣ್ಯ, ಮಾಚೇನಹಳ್ಳಿ, ಬೆಳಗಾವಿಯ ಸಣ್ಣ ಉದ್ಯಮಿಗಳು ರಾಡೋ ಕಬ್ಬಿಣವೋ ಕೊಳ್ಳುವಾಗ ದರದ ಜೊತೆ ಇಂಗಾಲವನ್ನೂ ತೂಗಿ ನೋಡಬಹುದು, ಸರ್ಕಾರಕ್ಕೆ ಇದರಿಂದ ಬೀಳುವ ಖರ್ಚೂ ಹೇಳಿಕೊಳ್ಳುವಂಥದ್ದಲ್ಲ. ಕೇಂದ್ರದ ಉಕ್ಕು ಖಾತೆ ಈಗ ಕರ್ನಾಟಕದವರೇ ಆದ ಎಚ್.ಡಿ. ಕುಮಾರಸ್ವಾಮಿ ಅವರ ಕೈಯಲ್ಲಿದೆ. ಉದ್ಯಮಿಗಳ ಸಂಘಟನೆಗಳಾದ ಕಾಸಿಯಾ, ಎಫ್‌ಕೆಸಿಸಿಐ ತಮ್ಮ ಮುಂದಿನ ಮನವಿಪತ್ರದಲ್ಲಿ ವಿದ್ಯುತ್ ದರದ ಬೇಡಿಕೆಯ ಜೊತೆಗೆ ಇದೊಂದನ್ನೂ ಸೇರಿಸಲಿ.